ಹೆಣ್ಣು ಸಸಿ ಅಂದರೆ ಒಳ್ಳೆಯ ಸಸಿ ಅಂತಲ್ಲ

ನಮಸ್ಕಾರ. ಖರ್ಜೂರದ ಸಸಿ ಗಂಡೋ ಹೆಣ್ಣೋ ಎಂದು ಡಿಎನ್‌ಎ ಪರೀಕ್ಷೆಯಿಂದ ತಿಳಿಯುವ ಬಗ್ಗೆ ನೀವು ಹಿರಿಯೂರಿನಿಂದ ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆಯೂ ತಿಳಿಯಾಗಿದೆ. ಆದರೆ ಎರಡು ವಾಕ್ಯ ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ.

ಮೊದಲನೆಯದು: ‘ಖರ್ಜೂರದಲ್ಲಿ ಗಂಡು, ಹೆಣ್ಣು ಮರ ಬೇರೆ ಬೇರೆ ಎಂಬುದು ಎಲ್ಲರಿಗೂ ಗೊತ್ತಿರುವುದೇ.’ ಯಾರಿಗೆ ಗೊತ್ತು? ನಮ್ಮ ಓದುಗರಲ್ಲಿ ಜಾಸ್ತಿ ಜನ ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರು. ಅಡಿಕೆಯ ಒಂದೇ ಹಿಂಗಾರದಲ್ಲಿ ಗಂಡು ಹೂವೂ ಇರುತ್ತದೆ, ಹೆಣ್ಣು ಹೂವೂ ಇರುತ್ತದೆ. ತೆಂಗಿನಲ್ಲೂ ಹಾಗೇ. ನೆಟ್ಟ ಮರದಲ್ಲಿ ಕಾಯಿಯೇ ಬಿಡದ ಜಾತಿ ಇದೆ ಎಂದರೆ ಅವರಿಗೆ ಸುದ್ದಿ. ಬೀಜದಿಂದ ಎದ್ದ ಖರ್ಜೂರದ ಸಸಿಗಳಲ್ಲಿ ಸುಮಾರು ಅರ್ಧ ಗಂಡು. ಹೂವು ಬರಲು 5ರಿಂದ 8 ವರ್ಷ ಬೇಕು, ಅಲ್ಲಿಯವರೆಗೆ ನೋಡಿ ಹೇಳಲು ಆಗುವುದಿಲ್ಲ. ಅಷ್ಟು ವರ್ಷ ಬೋರ್‌ವೆಲ್ ನೀರು ಹಾಯಿಸಿದವನ ಕಷ್ಟ ಬರೆಯದಿದ್ದರೆ, ಈ ಪರೀಕ್ಷೆ ಯಾಕೆ ಬೇಕು ಅನ್ನುವುದೇ ಓದುಗನಿಗೆ ಹೊಳೆಯುವುದಿಲ್ಲ.

ನಾನು ದಾವಣಗೆರೆಯ ಸಣ್ಣ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುವಾಗ, ಬೆಳೆಯ ಲೇಖನ ಕೊಟ್ಟರೆ ನಮ್ಮ ಹಿರಿಯರು ‘ಗಿಡ ನೋಡಿ ಬಂದೆಯೇನಪ್ಪಾ?’ ಎಂದು ಮೊದಲು ಕೇಳುತ್ತಿದ್ದರು. ಹಾಗೇ ಒಮ್ಮೆ ಜಗಳೂರು ಕಡೆ ಹಳ್ಳದ ದಂಡೆಯ ಈಚಲು ಮರಗಳನ್ನು ನೋಡಲು ಕಳಿಸಿದರು. ಈಚಲು ಖರ್ಜೂರದ ದಾಯಾದಿ, ಅದರಲ್ಲೂ ಗಂಡು ಹೆಣ್ಣು ಬೇರೆ. ಒಂದು ಮರದ ಹೂಗೊಂಚಲು ಅಲ್ಲಾಡಿಸಿದರೆ ಪುಡಿ ಉದುರಿತು. ಪಕ್ಕದ ಮರ ಕಾಯಿ ಕಚ್ಚಿತ್ತು. ಹೂವಿಲ್ಲದ ಗಿಡ ತೋರಿಸಿ ಇದು ಯಾವುದು ಎಂದು ಕೇಳಿದೆ. ಅಲ್ಲಿದ್ದ ಅಜ್ಜ ‘ಹೂವು ಬರಲಿ, ಹೇಳ್ತೀನಿ’ ಎಂದರು. ನಿಮ್ಮೂರ ಸುತ್ತಲೂ ಈಚಲು ಇದೆ, ಅಲ್ವಾ? ಲೇಖನದಲ್ಲಿ ಒಂದು ಮರವೂ ಇಲ್ಲ.

ಎರಡನೆಯದು: ‘ಮಾರ್ಕರ್ ಪರೀಕ್ಷೆಯಿಂದ ರೈತರು ಉತ್ತಮ ಸಸಿಗಳನ್ನು ಆರಿಸಿಕೊಳ್ಳಬಹುದು.’ ಇಲ್ಲಿ ನನಗೆ ಸಿಟ್ಟೇ ಬಂತು. ಮಾರ್ಕರ್ ಅಂದರೆ ಡಿಎನ್‌ಎಯಲ್ಲಿ ಹುಡುಕುವ ಗುರುತು. ಖರ್ಜೂರದಲ್ಲೂ ಮನುಷ್ಯರ ಹಾಗೆ ಲಿಂಗ ನಿರ್ಧರಿಸುವ ವರ್ಣತಂತುಗಳು ಗಂಡಿಗೆ ಎಕ್ಸ್‌ವೈ, ಹೆಣ್ಣಿಗೆ ಎಕ್ಸ್‌ಎಕ್ಸ್. ಎಲೆಯ ಚೂರಿನಿಂದ ಡಿಎನ್‌ಎ ತೆಗೆದು, ಗಂಡಿನಲ್ಲಷ್ಟೇ ಇರುವ ತುಣುಕನ್ನು ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎ ತುಣುಕನ್ನು ಮತ್ತೆ ಮತ್ತೆ ನಕಲು ಮಾಡುವ ವಿಧಾನದಲ್ಲಿ, ಹೆಚ್ಚಿಸಿ ನೋಡುತ್ತಾರೆ. ಆ ತುಣುಕಿನ ಗೆರೆ ಕಂಡರೆ ಗಂಡು. ಕಾಣದಿದ್ದರೆ ಹೆಣ್ಣು ಎಂದು ಬರೆದು ನೀವು ಮುಂದೆ ಹೋಗಿದ್ದೀರಿ. ಪರೀಕ್ಷೆಯೇ ಕೆಟ್ಟಿದ್ದರೂ ಗೆರೆ ಕಾಣುವುದಿಲ್ಲ. ಅದಕ್ಕೇ ಗಂಡು ಹೆಣ್ಣು ಎರಡರಲ್ಲೂ ಕಾಣಬೇಕಾದ ಇನ್ನೊಂದು ಗುರುತನ್ನು ಜೊತೆಗೆ ನೋಡುತ್ತಾರೆ. ಅದು ಬಂದು ಗಂಡಿನದು ಬರದಿದ್ದರೆ ಮಾತ್ರ ಹೆಣ್ಣು.

ಹೆಣ್ಣೇ ಆದರೂ ಹಣ್ಣು ಹೇಗಿರುತ್ತದೆ ಎಂದು ಆ ಗೆರೆ ಹೇಳುವುದಿಲ್ಲ. ಬರ್ಹಿ ಎಂಬ ತಳಿಯ ಹಣ್ಣಿನ ಬೀಜ ಹಾಕಿದರೆ ಬರ್ಹಿಯೇ ಬರುತ್ತದೆ ಅನ್ನುವಂತಿಲ್ಲ. ತಾಯಿಮರದ ಬುಡದ ಮರಿಯನ್ನೋ ಅಂಗಾಂಶ ಕೃಷಿಯ ಸಸಿಯನ್ನೋ ತಂದವರಿಗೆ ಗಂಡೋ ಹೆಣ್ಣೋ, ಯಾವ ತಳಿ ಎಂಬುದು ಮೊದಲೇ ಗೊತ್ತಿರುತ್ತದೆ. ಪರೀಕ್ಷೆ ಬೇಕಾಗುವುದು ಬೀಜದ ಸಸಿ ಬೆಳೆಸುವವರಿಗೆ, ಹೊಸ ತಳಿ ಹುಡುಕುವವರಿಗೆ. ನಿಮ್ಮ ಮಾತು ನಂಬಿ ಚಳ್ಳಕೆರೆಯ ಯಾರೋ ಸಾಲ ಮಾಡಿ ಬೀಜದ ಸಸಿ ನೆಟ್ಟು, ಒಗರು ಹಣ್ಣು ಬಂದರೆ ಹೊಣೆ ಯಾರು?

ಈ ಎರಡು ಕಡೆ ಬಿಡಿಸಿ ಬರೆದು ಕಳಿಸಿ. ಗಂಡು ಸಸಿಗಳನ್ನೆಲ್ಲ ಕಿತ್ತೆಸೆಯಿರಿ ಎಂಬ ಕೊನೆಯ ಸಾಲು ತೆಗೆಯಿರಿ. ಕೈಯಿಂದ ಪರಾಗ ಹಾಕಲು ತೋಟದಲ್ಲಿ ಕೆಲವು ಗಂಡು ಬೇಕೇ ಬೇಕು. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.