ಆ ‘ಹೂಂ’ ನಂಬಬೇಡಿ

ತುಮಕೂರು ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರ ಇದು:

“ನನ್ನ ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಎರಡೂ ಕಿವಿಗೆ ಮಷಿನ್ ಹಾಕುತ್ತಾಳೆ. ಎತ್ತರ ಇದ್ದಾಳೆ ಅಂತ ಕೊನೆಯ ಬೆಂಚಿನಲ್ಲಿ ಕೂರಿಸಿದ್ದಾರೆ. ಮುಂದೆ ಕೂರಿಸಿ ಅಂದರೆ, ‘ಒಬ್ಬರಿಗೆ ಮಾಡಿದರೆ ಎಲ್ಲರೂ ಕೇಳುತ್ತಾರೆ’ ಅಂದರು. ಉಕ್ತಲೇಖನದಲ್ಲಿ ಹತ್ತಕ್ಕೆ ಎರಡು ಬರುತ್ತೆ. ‘ಬರ’ ಅಂದರೆ ‘ಮರ’ ಅಂತ ಬರೆಯುತ್ತಾಳೆ. ‘ಗಮನ ಕೊಡುವುದಿಲ್ಲ’ ಎಂದು ಮಿಸ್ ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ಅಂಗವಿಕಲತೆಯ ಸರ್ಟಿಫಿಕೇಟಿನಲ್ಲಿ ಶೇ 40 ಮುಟ್ಟಿಲ್ಲ, ಹಾಗಾಗಿ ಏನೂ ಮಾಡಲು ಬರುವುದಿಲ್ಲ, ಬೇಕಿದ್ದರೆ ವಿಶೇಷ ಶಾಲೆಗೆ ಸೇರಿಸಿ ಎಂದು ಆಫೀಸಿನಲ್ಲಿ ಹೇಳಿದರು. ಮನೆಯಲ್ಲಿ ಮಾವನವರು, ‘ಸುಮ್ನಿರು, ಹೆಣ್ಣುಮಗು, ಊರಿಗೆಲ್ಲ ಹೇಳ್ಕೊಂಡು ತಿರುಗಬೇಡ’ ಅನ್ನುತ್ತಾರೆ. ನಾನು ಕೇಳುತ್ತಿರುವುದು ಜಾಸ್ತಿ ಆಯ್ತಾ?”

ಇಲ್ಲ ತಾಯಿ, ಜಾಸ್ತಿ ಆಗಿಲ್ಲ. ನೀವು ಕೇಳಿರುವುದು ಕಡಿಮೆಯೇ ಆಯಿತು. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಯಾಕೆ ಅಂದರೆ ನಮ್ಮ ಮನೆಯಲ್ಲೂ ಇಂಥ ಒಂದು ಮಗು ಬೆಳೆದಿದೆ.

ನನ್ನ ತಮ್ಮ ಶಾಲೆಗೆ ಹೋಗುತ್ತಿದ್ದದ್ದು 80ರ ದಶಕದಲ್ಲಿ. ಆಗ ಕಿವಿಯ ಹಿಂದೆ ಕೂರುವ ಪುಟ್ಟ ಮಷಿನ್ ನಮಗೆ ಸಿಕ್ಕಿರಲಿಲ್ಲ. ಅವನದು ಅಂಗಿ ಜೇಬಿನಲ್ಲಿಡುವ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ಅಮ್ಮ ಅದಕ್ಕೊಂದು ಬಟ್ಟೆ ಚೀಲ ಹೊಲಿದು ಎದೆಗೆ ಕಟ್ಟುತ್ತಿದ್ದಳು. ಮೇಷ್ಟ್ರು “ಅರ್ಥ ಆಯ್ತೇನೋ?” ಅಂದರೆ ಅವನು “ಹೂಂ” ಅನ್ನುತ್ತಿದ್ದ. ಮನೆಯಲ್ಲಿ ನಾವು ಕೇಳಿದರೂ “ಹೂಂ”. ನಮಗೆಲ್ಲ ಸಮಾಧಾನ.

ಐದನೇ ಕ್ಲಾಸಿನಲ್ಲಿ ಬೇಲೂರಿಗೆ ಪ್ರವಾಸ ಇತ್ತು. ಮೊದಲು ಎಂಟು ಗಂಟೆಗೆ ಬಸ್ಸು ಎಂದು ಹೇಳಿದ್ದರು. ಹಿಂದಿನ ದಿನ ಪ್ರಾರ್ಥನೆ ಮುಗಿದ ಮೇಲೆ, ಆರು ಗಂಟೆಗೇ ಬನ್ನಿ ಎಂದು ಬದಲಾಯಿಸಿದರು. ಅವನಿಗೆ ಕೇಳಿಸಲಿಲ್ಲ. ಚಿತ್ರಾನ್ನದ ಡಬ್ಬಿ ಹಿಡಿದು ಎಂಟಕ್ಕೆ ಹೋದ. ಬಸ್ಸು ಹೋಗಿ ಎರಡು ಗಂಟೆ ಆಗಿತ್ತು. ಇಡೀ ದಿನ ಶಾಲೆಯ ಜಗಲಿಯಲ್ಲಿ ಕೂತು, ಚಿತ್ರಾನ್ನ ತಿಂದು, ಸಂಜೆ ಮನೆಗೆ ಬಂದ. “ಚೆನ್ನಾಗಿತ್ತೇನೋ?” ಎಂದಳು ಅಮ್ಮ. “ಹೂಂ” ಎಂದ. ನಮಗೆ ನಿಜ ಗೊತ್ತಾಗಿದ್ದು ಒಂದು ವಾರದ ಮೇಲೆ, ಅವನ ಸ್ನೇಹಿತನ ತಾಯಿಯಿಂದ.

“ಕೇಳಿಸಲಿಲ್ಲ” ಅಂದರೆ ಕ್ಲಾಸಿನ ಎಲ್ಲರ ತಲೆಯೂ ತಿರುಗುತ್ತದೆ. “ಹೂಂ” ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಒಂಬತ್ತು ವರ್ಷದ ಮಗು ಯಾವುದನ್ನು ಆರಿಸಿಕೊಳ್ಳುತ್ತದೆ, ಹೇಳಿ. ನಿಮ್ಮ ಮಗಳು ಗಮನ ಕೊಡುತ್ತಿಲ್ಲ ಎಂದು ಮಿಸ್ ಬರೆದಿದ್ದಾರಲ್ಲ, ನನಗೆ ಅನ್ನಿಸುವುದು ಉಲ್ಟಾ. ಆ ಕ್ಲಾಸಿನಲ್ಲಿ ಎಲ್ಲರಿಗಿಂತ ಜಾಸ್ತಿ ಗಮನ ಕೊಡುತ್ತಿರುವುದು ಅವಳೇ. ಅರ್ಧ ಕೇಳಿಸಿದ್ದನ್ನು ತುಟಿ ನೋಡಿ, ಪಕ್ಕದವಳ ಪುಸ್ತಕ ನೋಡಿ, ಊಹಿಸಿ ಪೂರ್ತಿ ಮಾಡಿಕೊಳ್ಳಬೇಕು. ಅದನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಮಾಡಬೇಕು. ಶಾಲೆಯಿಂದ ಬಂದ ತಕ್ಷಣ ಮಲಗಿಬಿಡುತ್ತಾಳಾ? ಸುಮ್ಮಸುಮ್ಮನೆ ರೇಗುತ್ತಾಳಾ? ಅದು ಸೋಮಾರಿತನ ಅಲ್ಲ, ದಣಿವು.

‘ಬರ’ ಹೋಗಿ ‘ಮರ’ ಆದ ಕತೆಗೆ ಬರುತ್ತೇನೆ. ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ ಬರೀ ತುಟಿಯಲ್ಲಿ ‘ಬರ’, ‘ಮರ’, ‘ಪರ’ ಎಂದು ಹೇಳಿ ನೋಡಿ. ಮೂರೂ ಒಂದೇ ಥರ ಕಾಣುತ್ತವೆ. ಪ, ಬ, ಮ ಮೂರಕ್ಕೂ ತುಟಿ ಮುಚ್ಚಿ ತೆರೆಯುವುದೇ. ಕ, ಗ ಅಂಥವು ಗಂಟಲ ಹತ್ತಿರ ಹುಟ್ಟುವುದರಿಂದ ತುಟಿಯ ಮೇಲೆ ಕಾಣುವುದೇ ಇಲ್ಲ. ಸ, ಶ ಅಂಥ ಸಣ್ಣ ಸದ್ದುಗಳು ದೂರದಿಂದ ಬರುವಾಗ ಮೊದಲು ಕಳೆದುಹೋಗುತ್ತವೆ. ಹಾಗಾಗಿ ಒಂಟಿ ಪದ ಕೊಟ್ಟು ಬರೆ ಎಂದರೆ ಆ ಮಗುವಿಗೆ ಹಿಡಿತವೇ ಇಲ್ಲ. ‘ಮಳೆ ಇಲ್ಲದೆ ಬರ ಬಂತು’ ಎಂದು ವಾಕ್ಯದಲ್ಲಿ ಇಟ್ಟು, ಮುಖ ತೋರಿಸಿ ಹೇಳಿದರೆ ಬಹುಶಃ ಸರಿಯಾಗಿ ಬರೆಯುತ್ತಾಳೆ. ಅವಳಿಗೆ ಬರದಿರುವುದು ಕಾಗುಣಿತ ಅಲ್ಲ. ಮಿಸ್‌ಗೆ ಈ ಕನ್ನಡಿ ಪರೀಕ್ಷೆಯನ್ನು ಮಾಡಿ ತೋರಿಸಿ. ಹತ್ತು ನಿಮಿಷದ ವಾದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

“ಮಷಿನ್ ಇದೆಯಲ್ಲ, ಇನ್ನೇನು?” ಎಂದು ಶಾಲೆಯವರು ಕೇಳುತ್ತಾರೆ. ಮನೆಯವರೂ ಕೇಳುತ್ತಾರೆ. ಕನ್ನಡಕ ಹಾಕಿದರೆ ಕಣ್ಣು ಸರಿಯಾಗುತ್ತಲ್ಲ, ಹಾಗೆ ಅಂದುಕೊಂಡಿರುತ್ತಾರೆ. ಮಷಿನ್ ಸದ್ದನ್ನು ದೊಡ್ಡದು ಮಾಡುತ್ತದೆ. ಈಗಿನ ಡಿಜಿಟಲ್ ಮಷಿನ್‌ಗಳು ಗದ್ದಲವನ್ನು ಸ್ವಲ್ಪ ತಗ್ಗಿಸಬಲ್ಲವು, ಆದರೆ ಮಿಸ್ ದನಿಯನ್ನು ಮಾತ್ರ ಪೂರ್ತಿ ಬೇರೆ ಮಾಡಿ ಕೊಡಲಾರವು. ಫ್ಯಾನು, ಬೆಂಚು ಎಳೆಯುವುದು, ಪಕ್ಕದ ಕ್ಲಾಸಿನ ಮಗ್ಗಿ, ಶೀಟಿನ ಚಾವಣಿ ಮೇಲಿನ ಮಳೆ ಎಲ್ಲವೂ ದೊಡ್ಡದಾಗುತ್ತವೆ. ಇನ್ನೊಂದು ಲೆಕ್ಕ ಇದೆ. ಮಾತನಾಡುವವರಿಂದ ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬಲ್ (ಸದ್ದು ಅಳೆಯುವ ಮಾನ) ಇಳಿಯುತ್ತದೆ. ಒಂದು ಮೀಟರ್ ದೂರ ಇದ್ದವಳು ಎರಡು ಮೀಟರಿಗೆ ಹೋದರೆ 6, ನಾಲ್ಕು ಮೀಟರಿಗೆ ಹೋದರೆ ಇನ್ನೊಂದು 6. ತಲೆ ಮೇಲಿನ ಫ್ಯಾನಿನ ಸದ್ದು ಮಾತ್ರ ಅಷ್ಟೇ ಇರುತ್ತದೆ. ಕೊನೆಯ ಬೆಂಚಿನಲ್ಲಿ ನಿಮ್ಮ ಮಗಳು ಕೇಳಿಸಿಕೊಳ್ಳುತ್ತಿರುವುದು ಪಾಠವನ್ನಲ್ಲ, ಫ್ಯಾನನ್ನು.

ಅದಕ್ಕೇ ಕೂರುವ ಜಾಗ ಮೊದಲನೆಯದು. ಆದರೆ ‘ಮುಂದಿನ ಬೆಂಚು’ ಎಂದಷ್ಟೇ ಕೇಳಬೇಡಿ. ತೀರಾ ಮುಂದೆ ಕೂತರೆ ಹಿಂದಿನ ಮಕ್ಕಳು ಉತ್ತರ ಹೇಳುವಾಗ ಯಾರ ಮುಖವೂ ಕಾಣುವುದಿಲ್ಲ. ಎರಡನೇ ಸಾಲು, ಸ್ವಲ್ಪ ಬದಿಗೆ, ರಸ್ತೆ ಕಡೆಯ ಕಿಟಕಿಯಿಂದ ದೂರ. ಅಲ್ಲಿಂದ ಮಿಸ್ ಮುಖವೂ ಕಾಣಬೇಕು, ತಿರುಗಿದರೆ ಗೆಳತಿಯರ ಮುಖವೂ ಕಾಣಬೇಕು. ಒಂದು ಕಿವಿ ಸ್ವಲ್ಪ ಚೆನ್ನಾಗಿದ್ದರೆ ಆ ಕಿವಿ ಕ್ಲಾಸಿನ ಕಡೆಗಿರಲಿ. ಎತ್ತರದ ಹುಡುಗಿ ಬದಿಯಲ್ಲಿ ಕೂತರೆ ಹಿಂದಿನವರಿಗೆ ಬೋರ್ಡೂ ಮರೆಯಾಗುವುದಿಲ್ಲ. ಹೀಗಾಗಿ ಶಾಲೆಯವರ ಒಂದು ತಕರಾರು ಅಲ್ಲಿಗೇ ಮುಗಿಯಿತು.

ಉಳಿದವು ಒಂದು ರೂಪಾಯಿ ಖರ್ಚಿಲ್ಲದ ಕೆಲಸಗಳು. ಬೋರ್ಡಿನಲ್ಲಿ ಬರೆಯುವಾಗ ಮಾತಾಡದೆ, ಬರೆದು ತಿರುಗಿದ ಮೇಲೆ ಮಾತಾಡುವುದು. ಬೆಳಕಿನ ಕಿಟಕಿಗೆ ಬೆನ್ನು ಮಾಡಿ ನಿಲ್ಲದಿರುವುದು, ಯಾಕೆಂದರೆ ಹಾಗೆ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ. ಬೇರೆ ಮಗು ಹೇಳಿದ ಉತ್ತರವನ್ನು ಮಿಸ್ ಇನ್ನೊಮ್ಮೆ ಹೇಳುವುದು. ಹೋಂವರ್ಕ್, ಪರೀಕ್ಷೆ ದಿನ, ರಜೆ, ಬಸ್ಸಿನ ಹೊತ್ತು ಇಂಥವನ್ನು ಬಾಯಲ್ಲಿ ಹೇಳಿ ಬಿಡದೆ ಬೋರ್ಡಿನ ಮೂಲೆಯಲ್ಲಿ ಬರೆಯುವುದು. ಇದಕ್ಕೆ ನಾನು ಯಾಕೆ ಒತ್ತು ಕೊಡುತ್ತೇನೆ ಎಂದು ನಿಮಗೆ ಗೊತ್ತಾಗಿರುತ್ತದೆ. ನನ್ನ ತಮ್ಮನಿಗೆ ಏಳನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು ಸಿಕ್ಕರು. ಪಾಠ ಶುರು ಮಾಡುವ ಮೊದಲು ಬೋರ್ಡಿನ ಎಡ ಮೂಲೆಯಲ್ಲಿ ಪುಟದ ಸಂಖ್ಯೆ ಬರೆಯುತ್ತಿದ್ದರು. ಅಷ್ಟೇ. ಅವನಿಗಾಗಿ ಎಂದು ಒಂದು ದಿನವೂ ಹೇಳಲಿಲ್ಲ. ಆ ವರ್ಷ ಅವನು ಮೊದಲ ಸಲ ತಾನಾಗಿ ಕೈ ಎತ್ತಿದ.

“ಅರ್ಥ ಆಯ್ತಾ?” ಎಂಬ ಪ್ರಶ್ನೆಯನ್ನು ಬಿಡಲು ಹೇಳಿ. “ನಾನೇನು ಹೇಳಿದೆ, ನೀನು ಹೇಳು ನೋಡೋಣ” ಎಂದು ಕೇಳಲಿ. ಎಲ್ಲರ ಎದುರಿಗೆ ಬೇಡ, ಹತ್ತಿರ ಹೋಗಿ ಕೇಳಲಿ.

ಬೆಳಿಗ್ಗೆ ಒಂದು ನಿಮಿಷದ ಪರೀಕ್ಷೆ ಇದೆ. ಲಿಂಗ್ ಪರೀಕ್ಷೆ ಎನ್ನುತ್ತಾರೆ. ಆ, ಊ, ಈ, ಮ್, ಶ್, ಸ್ ಈ ಆರು ಸದ್ದುಗಳನ್ನು ತುಟಿ ಕಾಣದಂತೆ ಒಂದೊಂದಾಗಿ ಹೇಳುವುದು, ಮಗು ವಾಪಸ್ ಹೇಳುವುದು. ನಿನ್ನೆ ‘ಸ್’ ಹೇಳಿದವಳು ಇವತ್ತು ಹೇಳದಿದ್ದರೆ ಬ್ಯಾಟರಿ ಮುಗಿಯುತ್ತಿರಬಹುದು, ಮಷಿನ್‌ನ ಕೊಳವೆಯಲ್ಲಿ ಬೆವರು ಕೂತಿರಬಹುದು, ಇಲ್ಲವೇ ಕಿವಿಗೇ ಏನೋ ಆಗಿರಬಹುದು. ಮನೆಯಲ್ಲಿ ಜಡೆ ಹಾಕುವಾಗ ನೀವು ಹಿಂದೆಯೇ ನಿಂತಿರುತ್ತೀರಲ್ಲ, ಆಗಲೇ ಮಾಡಿಬಿಡಿ. ಒಂದು ಜೊತೆ ಬ್ಯಾಟರಿ ಜಾಮಿಟ್ರಿ ಬಾಕ್ಸಿನಲ್ಲಿರಲಿ, ಒಂದು ಜೊತೆ ಮಿಸ್ ಹತ್ತಿರ. ಕಿವಿ ಬೆಳೆದ ಹಾಗೆ, ಕಿವಿಯೊಳಗೆ ಕೂರುವ ಮಷಿನ್‌ನ ಅಚ್ಚು ಸಡಿಲವಾಗುತ್ತದೆ. ಕುಂಯ್ ಎಂದು ಸದ್ದು ಬರುತ್ತಿದ್ದರೆ ಬಹಳ ಸಲ ಅದೇ ಕಾರಣ, ಹೊಸದು ಮಾಡಿಸಬೇಕು. ಮಿಸ್ ಕೊರಳಿಗೆ ಪುಟ್ಟ ಮೈಕು ಹಾಕಿಕೊಂಡರೆ ಅವರ ದನಿ ನೇರವಾಗಿ ಮಗುವಿನ ಮಷಿನ್‌ಗೆ ಬರುವ ವ್ಯವಸ್ಥೆಯೂ ಇದೆ. ದೂರ, ಗದ್ದಲ ಎರಡಕ್ಕೂ ಅದು ಒಳ್ಳೆಯ ಉಪಾಯ. ಆದರೆ ಬೆಲೆ ಜಾಸ್ತಿ. ಅಲ್ಲಿಂದ ಮಾತು ಶುರು ಮಾಡಬೇಡಿ. ಬೆಂಚು ಮೊದಲು ಸಿಗಲಿ.

ಇನ್ನು ಕಾನೂನಿನ ಮಾತು. ‘ಶೇ 40 ಇಲ್ಲ, ಏನೂ ಬರುವುದಿಲ್ಲ’ ಎಂದಿದ್ದು ತಪ್ಪು. ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ 40 ಬೇಕು, ನಿಜ. ಆದರೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರಲ್ಲಿ ‘ಸೂಕ್ತ ಹೊಂದಾಣಿಕೆ’ ಎಂಬ ಬೇರೆ ವಿಷಯ ಇದೆ. ಅಂದರೆ ಇತರರ ಸಮಕ್ಕೆ ಕಲಿಯಲು ಆ ಒಬ್ಬರಿಗೆ ಬೇಕಾದ ಬದಲಾವಣೆಯನ್ನು, ಸಂಸ್ಥೆಗೆ ತೀರಾ ಹೊರೆಯಾಗದ ಮಟ್ಟಿಗೆ, ಮಾಡಿಕೊಡುವುದು. ಅದು ಶೇ 40 ಮುಟ್ಟಿದವರಿಗೆ ಮಾತ್ರ ಸೀಮಿತವಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣ, ಬರೆಯುವಾಗ ಕೈ ಸೆಟೆದುಕೊಳ್ಳುವ ಪರೀಕ್ಷಾ ಅಭ್ಯರ್ಥಿಯೊಬ್ಬರದು, ಆದರೆ ಅದರ ತತ್ವ ನಿಮ್ಮ ಮಗಳಿಗೂ ಆಧಾರ. ಕಾಯ್ದೆಯ 16ನೇ ಸೆಕ್ಷನ್ ಸರ್ಕಾರದ ಹಣ ಪಡೆಯುವ ಶಾಲೆಗಳ ಜೊತೆಗೆ ಸರ್ಕಾರದ ಮಾನ್ಯತೆ ಪಡೆದ ಶಾಲೆಗಳನ್ನೂ ಹೆಸರಿಸುತ್ತದೆ. ಖಾಸಗಿ ಶಾಲೆ ಎಂದು ಪಕ್ಕಕ್ಕೆ ಸರಿಯುವಂತಿಲ್ಲ. 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇಂಥವನ್ನು ಹೇಳುತ್ತದೆ. ಭಾಷಾ ವಿನಾಯಿತಿಗೆ ಮಾತ್ರ ಈಗಲೇ ಆತುರ ಬೇಡ ಎಂದು ನನ್ನ ಅಭಿಪ್ರಾಯ. ಸರಿಯಾದ ಜಾಗದಲ್ಲಿ ಒಂದು ವರ್ಷ ಕೂರಲಿ, ಆಮೇಲೆ ನೋಡೋಣ. ಎಷ್ಟೋ ಮಕ್ಕಳಿಗೆ ಅದು ಬೇಕು, ಬೇಕಾದವರು ಸಂಕೋಚಪಡದೆ ತೆಗೆದುಕೊಳ್ಳಲಿ.

ವಿಶೇಷ ಶಾಲೆ ಕೆಟ್ಟದ್ದಲ್ಲ. ಸ್ವಲ್ಪವೂ ಕೇಳಿಸದ ಎಷ್ಟೋ ಮಕ್ಕಳಿಗೆ ಸನ್ನೆ ಭಾಷೆಯೇ ತಮ್ಮ ಭಾಷೆ. ಅದರಲ್ಲೇ ಅವರು ಜಗಳ ಆಡುತ್ತಾರೆ, ಕತೆ ಹೇಳುತ್ತಾರೆ, ಗಣಿತ ಕಲಿಯುತ್ತಾರೆ. ಅಲ್ಲಿಗೆ ಸೇರಿಸುವುದು ಮಗುವಿನ ಒಳ್ಳೆಯದಕ್ಕೆ ಅಂತಾದರೆ ಸರಿ. ಒಂದು ಬೆಂಚು ಬದಲಾಯಿಸಲು ಬೇಜಾರು ಎಂದು ಕಳಿಸುವುದಾದರೆ ಒಪ್ಪಬೇಡಿ.

ನೀವು ಇಷ್ಟು ದಿನ ಬಾಯಲ್ಲಿ ಕೇಳಿದ್ದೀರಿ. ಇನ್ನು ಬರೆದು ಕೊಡಿ. ಮೊದಲು ಮಗಳಿಗೆ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹತ್ತಿರ ಶಾಲೆಗೆಂದೇ ಒಂದು ಪತ್ರ ಕೇಳಿ. ಆಡಿಯೋಗ್ರಾಂನ, ಅಂದರೆ ಕಿವಿ ಪರೀಕ್ಷೆಯ ನಕ್ಷೆಯ, ಗೆರೆಗಳು ಮಿಸ್‌ಗೆ ಅರ್ಥವಾಗುವುದಿಲ್ಲ. ‘ಈ ಮಗುವಿಗೆ ಇಂಥದ್ದು ಕೇಳಿಸುತ್ತದೆ, ಇಂಥದ್ದು ಕೇಳಿಸುವುದಿಲ್ಲ, ಇಷ್ಟು ದೂರದೊಳಗೆ ಕೂರಿಸಿ’ ಎಂದು ಸರಳ ಕನ್ನಡದಲ್ಲಿ ಇರಲಿ. ನಿಮ್ಮ ಕಡೆ ಅನುಕೂಲ ಇಲ್ಲದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬನ್ನಿ. 60ರ ದಶಕದಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ ಅದು.

ಮುಖ್ಯೋಪಾಧ್ಯಾಯರಿಗೆ ಕೊಡುವ ಪತ್ರ ಒಂದು ಪುಟ ಮೀರಬಾರದು. ಹೀಗೆ ಬರೆಯಬಹುದು: “ನನ್ನ ಮಗಳಿಗೆ ಎರಡೂ ಕಿವಿಯಲ್ಲಿ ಶ್ರವಣದೋಷವಿದೆ. ಆಡಿಯಾಲಜಿಸ್ಟ್ ಪತ್ರ ಲಗತ್ತಿಸಿದ್ದೇನೆ. ಆಕೆಯನ್ನು ಎರಡನೇ ಸಾಲಿನಲ್ಲಿ ಕೂರಿಸಲು, ಸೂಚನೆಗಳನ್ನು ಬೋರ್ಡಿನಲ್ಲಿ ಬರೆಯಲು, ಉಕ್ತಲೇಖನವನ್ನು ಮುಖಾಮುಖಿಯಾಗಿ, ವಾಕ್ಯದೊಡನೆ ಕೊಡಲು 2016ರ ಕಾಯ್ದೆಯ ಪ್ರಕಾರ ಕೋರುತ್ತೇನೆ. ಹದಿನೈದು ದಿನದ ನಂತರ ಬಂದು ತಮ್ಮನ್ನು ಕಾಣುತ್ತೇನೆ.” ‘ದಯಮಾಡಿ ಕರುಣೆ ತೋರಿ’ ಎಂದು ಬರೆಯಬೇಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಮನೆಯಲ್ಲಿಡಿ.

ಮಿಸ್ ಜೊತೆ ಮಾತ್ರ ಮೃದುವಾಗಿಯೇ ಇರಿ. ಅಷ್ಟೊಂದು ಮಕ್ಕಳನ್ನು ಸಂಭಾಳಿಸುತ್ತಾರೆ, ಇದನ್ನೆಲ್ಲ ಅವರಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಹದಿನೈದು ದಿನ ಆದರೂ ಬೆಂಚು ಬದಲಾಗದಿದ್ದರೆ ಅದೇ ಪತ್ರದ ಪ್ರತಿ ಇಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಒಗೆ ಬರೆಯಿರಿ. ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರಿರುತ್ತಾರೆ, ಅವರನ್ನೂ ಕಾಣಿ. ಅಲ್ಲೂ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಸಿವಿಲ್ ಕೋರ್ಟಿನಂತೆ ಸಮನ್ಸ್ ಕೊಟ್ಟು ಕರೆಸುವ ಅಧಿಕಾರ ಅವರಿಗಿದೆ. ಅಷ್ಟು ದೂರ ಹೋಗದೆ ಕೆಲಸ ಆಗಲಿ ಎಂದು ನನ್ನ ಆಸೆ.

ಮಾವನವರ ಮಾತಿಗೆ ನೊಂದುಕೊಳ್ಳಬೇಡಿ. ಅವರದೂ ಪ್ರೀತಿಯೇ, ಭಯದ ಪ್ರೀತಿ. ಮುಂದಿನ ಸಲ ಕಿವಿ ಪರೀಕ್ಷೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಮೊಮ್ಮಗಳು ಮಷಿನ್ ತೆಗೆದು ಕೂತಾಗ ಎಷ್ಟು ದೊಡ್ಡ ಸದ್ದಿಗೆ ಕೈ ಎತ್ತುತ್ತಾಳೆ ಎಂದು ಅವರೇ ನೋಡಲಿ. ನಮ್ಮ ಅಪ್ಪ ಬದಲಾಗಿದ್ದು ಅಲ್ಲೇ.

ಇನ್ನೊಂದು. ನಿಮ್ಮ ಪತ್ರದಲ್ಲಿ ಮಿಸ್ ಮಾತಿದೆ, ಆಫೀಸಿನವರ ಮಾತಿದೆ, ಮಾವನವರ ಮಾತಿದೆ. ಮಗಳ ಮಾತು ಒಂದೂ ಇಲ್ಲ. ಶಾಲೆಗೆ ಬರೆಯುವ ಮೊದಲು ಅವಳನ್ನು ಕೇಳಿ. ರಾತ್ರಿ ಅವಳು ಮಷಿನ್ ತೆಗೆದಿಡುವ ಮೊದಲು, ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಎದುರಿಗೆ ಕೂತುಕೊಳ್ಳಿ. ಯಾವ ಪೀರಿಯಡ್ ಕಷ್ಟ, ಯಾರ ಮಾತು ಚೆನ್ನಾಗಿ ಕೇಳಿಸುತ್ತೆ, ಆಟದಲ್ಲಿ ಏನಾಗುತ್ತೆ, ಯಾರ ಪಕ್ಕ ಕೂರಬೇಕು ಅನ್ನಿಸುತ್ತೆ ಎಂದು ಒಂದೊಂದಾಗಿ ಕೇಳಿ. ಅವಳು ಬರೀ “ಹೂಂ” ಅಂದರೆ, ಸ್ವಲ್ಪ ಹತ್ತಿರ ಸರಿದು ಇನ್ನೊಮ್ಮೆ ಕೇಳಿ.