ಹೆಸರು ಗೊತ್ತಿಲ್ಲದ ಮೀನು ಗಾಳಕ್ಕೆ ಬಿದ್ದರೆ ತಿನ್ನಬಹುದಾ?
ಹಿಂದೆಂದೂ ನೋಡಿರದ ಮೀನು ಸಿಕ್ಕಿದೆ, ಚೆನ್ನಾಗಿ ಬೇಯಿಸಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಯಾವ ಮೀನು ಅಂತ ಖಚಿತವಾಗುವವರೆಗೆ ದಯವಿಟ್ಟು ತಿನ್ನಬೇಡಿ.

ಮೊದಲು ಬಾಯಿ ನೋಡಿ. ಹಲ್ಲುಗಳು ಬಿಡಿಯಾಗಿರದೆ ಕೊಕ್ಕಿನ ಹಾಗೆ ಕೂಡಿಕೊಂಡಿವೆಯಾ? ಮೈಮೇಲೆ ಹುರುಪೆ ಇಲ್ಲದೆ ನುಣುಪಾಗಿಯೋ ಮುಳ್ಳುಮುಳ್ಳಾಗಿಯೋ ಇದೆಯಾ? ಹಿಡಿದಾಗ ಹೊಟ್ಟೆ ಬಲೂನಿನಂತೆ ಉಬ್ಬಿತಾ? ಹಾಗಿದ್ದರೆ ಅದು ಪಫರ್ ಮೀನು ಅಥವಾ ಅದರ ಬಳಗದ್ದು. (ಗಿಳಿಮೀನಿಗೂ ಕೊಕ್ಕಿದೆ, ಆದರೆ ಅದರ ಹುರುಪೆಗಳು ದೊಡ್ಡವು.) ಪಫರ್‌ನ ಲಿವರ್ ಮತ್ತು ಮೊಟ್ಟೆಚೀಲದಲ್ಲಿ ಜಾಸ್ತಿ ಇರುವ ಟೆಟ್ರೊಡೊಟಾಕ್ಸಿನ್ ವಿಷ ಎಷ್ಟು ಬೇಯಿಸಿದರೂ ಹೋಗಲ್ಲ. ತುಟಿ ಜೋಮು ಹಿಡಿಯುವುದರಿಂದ ಶುರುವಾಗಿ ಉಸಿರೇ ನಿಲ್ಲಬಹುದು. ಇದಕ್ಕೆ ಮದ್ದಿಲ್ಲ, ಉಸಿರಾಟಕ್ಕೆ ಆಸರೆ ಕೊಟ್ಟು ಕಾಪಾಡಬೇಕಷ್ಟೆ.

ಹವಳದ ದಿಬ್ಬಗಳ ಹತ್ತಿರ ಹಿಡಿದ ದೊಡ್ಡ ಬೇಟೆಗಾರ ಮೀನಾದರೆ ಸಿಗ್ವಾಟೆರಾ ವಿಷದ ಭಯವೂ ಇದೆ. ಅದು ರುಚಿಯಲ್ಲೂ ವಾಸನೆಯಲ್ಲೂ ತಿಳಿಯಲ್ಲ.

ಗುರುತು ಹಿಡಿಯಲು ಮೀನನ್ನು ಅಡ್ಡಲಾಗಿ ಮಲಗಿಸಿ, ರೆಕ್ಕೆ ಬಿಡಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಬಾಯಿ, ಬೆನ್ನಿನ ಮುಳ್ಳು, ಬಾಲ ಹತ್ತಿರದಿಂದ ಕಾಣಲಿ. ಬಣ್ಣವನ್ನೇ ನಂಬಬೇಡಿ, ಸತ್ತ ಮೇಲೆ ಬೇಗ ಬದಲಾಗುತ್ತದೆ. ಆ ನೀರಿನಲ್ಲೇ ಮೀನು ಹಿಡಿಯುವ ಹಳಬರಿಗೆ ತೋರಿಸಿ. ಅವರಿಗೂ ಅನುಮಾನ ಬಂದರೆ, ಜೀವ ಇರುವಾಗಲೇ ನೀರಿಗೆ ಬಿಟ್ಟುಬಿಡಿ.