ಐದು ವರ್ಷದ ಮಗುವಿಗೆ ‘ಹೋಮ್ ಅಲೋನ್’ ತೋರಿಸಬಹುದಾ?

ಮಗನಿಗೆ 9, ಮಗಳಿಗೆ 5, ಕ್ರಿಸ್‌ಮಸ್ ರಜೆಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು ‘ಹೋಮ್ ಅಲೋನ್’ ನೋಡಬಹುದಾ, ಹೊಡೆದಾಟ ಜಾಸ್ತಿ ಅಂತಾರಲ್ಲ ಅಂತ ಕೇಳಿದ್ದೀರಿ. ಮಗನಿಗೆ ಧಾರಾಳವಾಗಿ ತೋರಿಸಿ. ಮಗಳಿಗೆ ಈ ವರ್ಷ ಪೂರ್ತಿ ಸಿನಿಮಾ ಬೇಡ. ಆದರೆ ಅದಕ್ಕೆ ಕಾರಣ ಹೊಡೆದಾಟ ಅಲ್ಲ.

ಎರಡು ವರ್ಷದ ಹಿಂದೆ ನನ್ನ ಮನೆಯಲ್ಲೂ ಇದೇ ಜೋಡಿ ಇತ್ತು, ಎಂಟರ ಮಗ, ಐದು ತುಂಬದ ಮಗಳು. ನನಗೆ ಅಳುಕಿದ್ದದ್ದು ಕೊನೆಯ ಭಾಗದ ಬಗ್ಗೆ. ಮನೆಯವರು ಮರೆತು ಬಿಟ್ಟುಹೋದ ಹುಡುಗ ಕೆವಿನ್ ಒಬ್ಬನೇ ಒಡ್ಡುವ ಬಲೆಗಳಲ್ಲಿ, ಮನೆಗೆ ನುಗ್ಗುವ ಇಬ್ಬರು ಕಳ್ಳರ ಪಾಡು ಅಲ್ಲಿ ಹೇಳತೀರದು. ಒಬ್ಬನ ಮುಖದ ಮೇಲೆ ಇಸ್ತ್ರಿಪೆಟ್ಟಿಗೆ ಬೀಳುತ್ತೆ, ಪೇಂಟ್ ಡಬ್ಬ ತೂಗಿ ಬಂದು ಅಪ್ಪಳಿಸುತ್ತೆ, ಒಬ್ಬನ ತಲೆಗೆ ಬೆಂಕಿ, ಇನ್ನೊಬ್ಬನ ಬರಿಗಾಲಿಗೆ ಮೊಳೆ. ರಿಮೋಟ್ ಕೈಯಲ್ಲೇ ಹಿಡಿದು ಕೂತಿದ್ದೆ. ಮಗಳು ಬಿದ್ದು ಬಿದ್ದು ನಕ್ಕಳು. ಪೆಟ್ಟು ತಿಂದವರು ಮರುಕ್ಷಣ ಎದ್ದು ನಿಲ್ಲುತ್ತಾರಲ್ಲ, ಅವಳ ಲೆಕ್ಕದಲ್ಲಿ ಅದು ಬೆಕ್ಕು-ಇಲಿಯ ಕಾರ್ಟೂನ್ ಅಷ್ಟೆ.

ಅವಳು ಅತ್ತದ್ದು ಅದಕ್ಕೆ ತುಂಬ ಮೊದಲೇ. ಇಡೀ ಕುಟುಂಬ ಪ್ಯಾರಿಸ್ಸಿಗೆ ಹೊರಟಿರುತ್ತೆ. ವಿಮಾನದಲ್ಲಿ ಅಮ್ಮನಿಗೆ ಏನೋ ಮರೆತಿದ್ದೀನಲ್ಲ ಅಂತ ಕೊರೆಯುತ್ತೆ. ಗ್ಯಾಸ್ ಆಫ್ ಮಾಡಿದೆನಾ ಅಂತ ನಾವು ಬಸ್ಸಿನಲ್ಲಿ ಚಡಪಡಿಸುವ ಹಾಗೆ. ಕೊನೆಗೆ ‘ಕೆವಿನ್!’ ಅಂತ ಚೀರುತ್ತಾಳೆ. ದೊಡ್ಡವರು ನಗುವ ಜಾಗ ಅದು. ಮಗಳು ನನ್ನ ಕಡೆ ತಿರುಗಿ, “ಅಮ್ಮಾ, ನೀನೂ ನನ್ನ ಮರೆತು ಹೋಗ್ತೀಯಾ?” ಅಂದಳು. ಇಲ್ಲ ಕಣೇ ಅಂದೆ. ನಂಬಲಿಲ್ಲ. ಮುಂದೆ ಹತ್ತು ದಿನ ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು “ಇದ್ದೀಯಾ?” ಅಂತ ಕೂಗುತ್ತಿದ್ದಳು. ಸಿನಿಮಾದಲ್ಲಿ ಎಡವಟ್ಟಾಗುವುದು ಹೊರಡುವ ಗಡಿಬಿಡಿಯಲ್ಲಿ ತಲೆ ಎಣಿಸುವಾಗ ನೆರೆಮನೆ ಹುಡುಗನನ್ನೂ ಸೇರಿಸಿ ಎಣಿಸಿಬಿಡುವುದರಿಂದ. ಅದೊಂದು ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಜನವರಿಯಲ್ಲಿ ಮದುವೆಗೆ ಹೊರಟಾಗ ಎಲ್ಲರಿಗಿಂತ ಮೊದಲು ಕಾರು ಹತ್ತಿ, ತಾನೇ ತಲೆ ಎಣಿಸಿದಳು.

ಸರ್ಟಿಫಿಕೇಟ್ ನೋಡಿದರೆ ಸಾಲದಾ ಅಂತ ನೀವು ಕೇಳಬಹುದು. 1990ರಲ್ಲಿ ಬಿಡುಗಡೆಯಾದಾಗ ಅಮೆರಿಕದಲ್ಲಿ ಇದಕ್ಕೆ ಸಿಕ್ಕಿದ್ದು ‘ಪಿಜಿ’, ಅಂದರೆ ಅಪ್ಪ-ಅಮ್ಮನೇ ನೋಡಿಕೊಳ್ಳಲಿ ಅಂತ. ಅದೇ ‘ಪಿಜಿ’ 1984ರಲ್ಲಿ ‘ಗ್ರೆಮ್ಲಿನ್ಸ್’ಗೂ ಸಿಕ್ಕಿತ್ತು. ಅದೂ ಕ್ರಿಸ್‌ಮಸ್ ಹೊತ್ತಿನ ಕಥೆಯೇ, ಆದರೆ ಮಕ್ಕಳು ಹೆದರಿದರು ಅಂತ ಗಲಾಟೆಯಾಗಿ, ಅದೂ ಒಂದು ಕಾರಣವಾಗಿ ಆ ವರ್ಷವೇ ‘ಪಿಜಿ-13’ ಹುಟ್ಟಿತು, ಅಂದರೆ ಹದಿಮೂರರೊಳಗಿನ ಮಕ್ಕಳಿದ್ದರೆ ಇನ್ನೂ ಎಚ್ಚರ ಅಂತ. ನಮ್ಮಲ್ಲಿ 2021ರ ನಿಯಮದಿಂದ ಒಟಿಟಿಗಳು ಯು, ಯು/ಎ 7+, 13+, 16+, ಎ ಅಂತ ಹಣೆಪಟ್ಟಿ ಹಾಕಬೇಕು. 2023ರ ತಿದ್ದುಪಡಿಯ ನಂತರ ಥಿಯೇಟರ್ ಸಿನಿಮಾಗಳ ಯುಎಯನ್ನೂ ಹೀಗೇ ಮೂರು ಮಾಡಿದ್ದಾರೆ. ಉಪಯೋಗವಿಲ್ಲ ಅಂತಲ್ಲ. ಪಕ್ಕದಲ್ಲಿ ಹಿಂಸೆ, ಭಾಷೆ ಅಂತ ಒಂದೆರಡು ಪದವನ್ನೂ ಹಾಕಿರುತ್ತಾರೆ. ‘ಅಮ್ಮ ಬಿಟ್ಟು ಹೋಗುತ್ತಾಳೆ’ ಅಂತ ಮಾತ್ರ ಯಾರೂ ಹಾಕುವುದಿಲ್ಲ.

ಇನ್ನೊಂದು, ನಮ್ಮ ಮನೆಗಳಿಗೇ ಸಂಬಂಧಪಟ್ಟದ್ದು. ಪಕ್ಕದ ಮನೆಯ ಗಡ್ಡದ ಮುದುಕ ಮಾರ್ಲಿ ಕೊಲೆಗಾರ ಅಂತ ಕೆವಿನ್ನನ ಅಣ್ಣ ಕಥೆ ಕಟ್ಟುತ್ತಾನೆ. ಆತ ಸಲಿಕೆ ಹಿಡಿದು ರಸ್ತೆಯಲ್ಲಿ ಓಡಾಡುವುದನ್ನು ಕಂಡರೆ ಯಾವ ಮಗುವಾದರೂ ನಡುಗುತ್ತೆ. ಆ ಭಯ ಬಿಡಿಸುವುದು ಚರ್ಚಿನಲ್ಲಿ ಇಬ್ಬರೂ ಕೂತು ಆಡುವ ಮಾತು. ಮಗನ ಜೊತೆ ಜಗಳವಾಗಿ ಮಾತು ಬಿಟ್ಟವನು ಆತ, ಮೊಮ್ಮಗಳ ಹಾಡು ಕೇಳುವುದಕ್ಕೆ ಅಲ್ಲಿಗೆ ಬಂದಿರುತ್ತಾನೆ. ಈಗ ಹೇಳಿ, ಆ ವೇಗದ ಇಂಗ್ಲಿಷ್ ನಿಮ್ಮ ಮಗಳಿಗೆ ಎಷ್ಟು ತಿಳಿಯುತ್ತೆ? ನನ್ನವಳಿಗೆ ಏನೂ ತಿಳಿಯಲಿಲ್ಲ. ಹೆದರಿಸಿದ್ದು ಚಿತ್ರ, ಸಮಾಧಾನ ಹೇಳಿದ್ದು ಮಾತು. ಅವಳ ಪಾಲಿಗೆ ಬಂದದ್ದು ಚಿತ್ರ ಮಾತ್ರ, ಹಾಗಾಗಿ ಸಿನಿಮಾ ಮುಗಿದಮೇಲೂ ಆತ ಕೊಲೆಗಾರನೇ. ಅಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಿತ್ತು. ನೆಲಮಾಳಿಗೆಯ ಫರ್ನೇಸ್ ಬಾಯಿ ತೆರೆದು ಧಗಧಗ ಅನ್ನುವ ದೃಶ್ಯಕ್ಕೂ ಇದೇ ಮಾತು. ಅದು ಮನೆ ಬೆಚ್ಚಗಿಡುವ ಯಂತ್ರ, ಅಜ್ಜಿ ಮನೆಯ ಹಂಡೆ ಒಲೆ ಇದ್ದ ಹಾಗೆ ಅಂತ ಮೊದಲೇ ಹೇಳಿ, ಸೌಂಡ್ ತಗ್ಗಿಸಿದರೆ ಅರ್ಧ ಭಯ ಅಲ್ಲೇ ಇಳಿಯುತ್ತೆ. ಮುಂದೆ ಕೆವಿನ್ನೇ ಅದಕ್ಕೆ ‘ಬಾಯಿ ಮುಚ್ಚು’ ಅಂತಾನೆ.

ಮಗನ ವಿಷಯಕ್ಕೆ ಬಂದರೆ, ಅವನು ಹೆದರುವುದಿಲ್ಲ, ಕಲಿಯುತ್ತಾನೆ. ಕೆವಿನ್ ಆಟಿಕೆ ಕಾರುಗಳನ್ನು ನೆಲದ ಮೇಲೆ ಹರಡಿ ಕಳ್ಳರನ್ನು ಜಾರಿಸಿ ಬೀಳಿಸುತ್ತಾನಲ್ಲ, ಮಾರನೇ ದಿನ ಬೆಳಿಗ್ಗೆ ನನ್ನ ಮಗ ಮೆಟ್ಟಿಲ ಬುಡದಲ್ಲಿ ಅದನ್ನೇ ಮಾಡಿಟ್ಟಿದ್ದ. ಹಾಲು ತರಲು ಇಳಿದ ನಮ್ಮ ಮಾವನವರು ಕಂಬಿ ಹಿಡಿದುಕೊಂಡದ್ದರಿಂದ ಉಳಿದರು. ಇಸ್ತ್ರಿಪೆಟ್ಟಿಗೆ ಬಿದ್ದರೆ ನಿಜವಾಗಿ ಏನಾಗುತ್ತೆ ಅಂತ ಅಂದೇ ಕೂರಿಸಿ ಹೇಳಿದೆ. ನೀವು ಸಿನಿಮಾಕ್ಕೆ ಮೊದಲೇ ಹೇಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಗೋಲಿ, ಆಟಿಕೆ ಕಾರು ಎರಡು ದಿನ ಬೀರುವಿನಲ್ಲಿರಲಿ. ಬೈಗುಳ ಅಂಥದ್ದೇನಿಲ್ಲ, ಚಿಕ್ಕಪ್ಪ ಹುಡುಗನಿಗೆ ‘ಜರ್ಕ್’ ಅನ್ನುತ್ತಾನೆ, ಮುಠ್ಠಾಳ ಅಂದ ಹಾಗೆ. ಒಂದು ವಾರ ಮನೆಯಲ್ಲಿ ಎಲ್ಲರೂ ಜರ್ಕ್ ಆಗುತ್ತೀರಿ, ಆಮೇಲೆ ಮರೆಯುತ್ತಾರೆ.

ಅಣ್ಣ ನೋಡುವಾಗ ಐದರ ತಂಗಿಯನ್ನು ಒಳಕೋಣೆಗೆ ಕಳಿಸುವುದು ಆಗದ ಮಾತು, ನನಗೂ ಗೊತ್ತು. ಹಾಗಾಗಿ ಎಲ್ಲರೂ ಬೇಡ ಅನ್ನುವ ಭಾಗವನ್ನೇ ಅವಳಿಗೆ ತೋರಿಸಿ. ಮೊದಲ ಒಂದು ಗಂಟೆ ಅಜ್ಜಿ ಜೊತೆ ಪಾರ್ಕಿಗೆ ಹೋಗಿಬರಲಿ. ಬಂದಮೇಲೆ, ‘ಈ ಹುಡುಗನ ಅಮ್ಮ ವ್ಯಾನಿನಲ್ಲಿ ಬರ್ತಾ ಇದ್ದಾಳೆ, ಅಷ್ಟರಲ್ಲಿ ಇವನು ಕಳ್ಳರನ್ನು ಓಡಿಸಬೇಕು’ ಅಂತ ಹೇಳಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಜೇಡ ಬರುವಾಗ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿಯಿರಿ, ಅದು ಮುಖದ ಮೇಲೆಯೇ ಹತ್ತುತ್ತೆ, ನನಗೇ ಆಗಲ್ಲ. ಕೊನೆಯಲ್ಲಿ ಅಮ್ಮ ಬಾಗಿಲು ತೆಗೆದು ಒಳಗೆ ಬರುವವರೆಗೆ ಟಿವಿ ಆಫ್ ಮಾಡಬೇಡಿ.